ಕಾಫಿ ಸಿಪ್ಪೆ, ಪನೀರ್ ನೀರು, ಕೌಟು ಕೊಬ್ಬರಿಯ ಹಿಂಡಿ: ಯಾವುದು ಹಸುವಿನ ಬಾಯಿಗೆ, ಯಾವುದು ಗೊಬ್ಬರದ ಗುಂಡಿಗೆ?

ಸಕಲೇಶಪುರದ ಬೆಳೆಗಾರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ.

ಈ ಸಲ ಅರೇಬಿಕಾ ಕಾಫಿ ಹಣ್ಣು ಕೆಂಪಾಗುವ ಮೊದಲೇ ನಮ್ಮ ಹೋಬಳಿಯ ತೋಟಗಳಿಗೆ ಒಬ್ಬ ವ್ಯಾಪಾರಿ ಬಂದು ಹೋಗಿದ್ದಾರೆ. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ನಿಂದ ಬೀಳುವ ಹಸಿ ಸಿಪ್ಪೆಯನ್ನೆಲ್ಲ ತಮ್ಮದೇ ಲಾರಿಯಲ್ಲಿ ಒಯ್ಯುತ್ತಾರಂತೆ, ಟನ್ನಿಗೆ ಇಷ್ಟೆಂದು ಹಣವನ್ನೂ ಕೊಡುತ್ತಾರಂತೆ. ಬಯಲುಸೀಮೆಯಲ್ಲಿ ಅದನ್ನು ಒಣಗಿಸಿ, ಪುಡಿ ಮಾಡಿ ಪಶು ಆಹಾರಕ್ಕೆ ಬೆರೆಸುವ ಯೋಜನೆ. ಕೆಲವರು ಆಗಲೇ ಮುಂಗಡ ಪಡೆದಿದ್ದಾರೆ.

ಸಿಪ್ಪೆಯ ಕಷ್ಟ ಉಂಡವರಿಗೆ ಇದು ವರದಂತೆ ಕಾಣುವುದು ಸಹಜ. 100 ಕೆ.ಜಿ. ಹಣ್ಣನ್ನು ಪಲ್ಪ್ ಮಾಡಿದರೆ 40 ಕೆ.ಜಿ. ಆಸುಪಾಸು ಸಿಪ್ಪೆಯೇ ಬೀಳುತ್ತದೆ. ಪಲ್ಪಿಂಗ್ ನಡೆಯುವುದು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಅಂದರೆ ಹಳ್ಳಗಳೆಲ್ಲ ಸೊರಗುತ್ತಾ ಬರುವ ಕಾಲ. ಹೇಮಾವತಿಯೂ ಯಗಚಿಯೂ ಹುಟ್ಟುವುದು ನಮ್ಮ ಮಲೆನಾಡಿನ ಬೆಟ್ಟಗಳಲ್ಲೇ. ನಾವು ಇಲ್ಲಿ ಬಿಟ್ಟಿದ್ದನ್ನು ಕೆಳಗಿನವರು ಕುಡಿಯುತ್ತಾರೆ. ಪಲ್ಪಿಂಗ್ ನೀರು ಹುಳಿ, ಅದರ ಪಿಎಚ್ 4ರ ಹತ್ತಿರ ಇರುತ್ತದೆ. ಸುಣ್ಣ ಹಾಕಿ, ಹೊಂಡಗಳಲ್ಲಿ ನಿಲ್ಲಿಸಿ, ಕೊಳೆಸಿ, ಗಾಳಿಯಾಡಿಸಿದ ಮೇಲೆಯೇ ಬಿಡಬೇಕು. ಸಿಪ್ಪೆಯ ರಾಶಿ ಮಳೆಗೋ ಇಬ್ಬನಿಗೋ ಸಿಕ್ಕಿ ಅದರ ರಸ ಹಳ್ಳ ಸೇರಿದರೆ ಈ ಶ್ರಮವೆಲ್ಲ ವ್ಯರ್ಥ. ಹಾಗಾಗಿ ಯಾರೋ ಬಂದು ಸಿಪ್ಪೆ ಒಯ್ದರೆ ಸಾಕು ಎನ್ನುವ ಮನಸ್ಸು ನನಗೆ ಅರ್ಥವಾಗುತ್ತದೆ.

ಆದರೆ ಆ ಸಿಪ್ಪೆ ಯಾವ ಹಸುವಿನ ಮುಂದೆ ಬೀಳುತ್ತದೆ? ಆ ಹಾಲು ಯಾರ ಮನೆಗೆ ಬರುತ್ತದೆ? ‘ಚಕ್ರೀಯ ಆರ್ಥಿಕತೆ’, ಅಂದರೆ ಒಬ್ಬರ ಕಸ ಇನ್ನೊಬ್ಬರ ಕಚ್ಚಾವಸ್ತು, ಎಂದು ಎಲ್ಲ ಸಭೆಗಳಲ್ಲೂ ಕೇಳುತ್ತೇವೆ. ಚಕ್ರದ ಒಂದು ಕಡೆ ವಿಷ ಸೇರಿದರೆ ಅದೂ ಜೊತೆಗೇ ಸುತ್ತುತ್ತದೆ ಎಂದು ಯಾರೂ ಹೇಳುವುದಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ. ‘ಗಿಡದಿಂದ ಬಂದದ್ದು, ಏನೂ ಆಗುವುದಿಲ್ಲ’ ಎಂಬ ಉತ್ತರ ಮಾತ್ರ ಬೇಡ.

ಚನ್ನರಾಯಪಟ್ಟಣದ ಹೈನುಗಾರ

ಸರ್, ನಿಮ್ಮ ಕಾಳಜಿ ಒಳ್ಳೆಯದೇ. ನಮ್ಮ ಕಡೆಯ ಸ್ಥಿತಿಯನ್ನೂ ಸ್ವಲ್ಪ ಕೇಳಿ. ಬೂಸಾ, ಹಿಂಡಿ, ಜೋಳದ ನುಚ್ಚು ಎಲ್ಲದರ ಬೆಲೆಯೂ ಏರುತ್ತದೆ, ಹಾಲಿನ ಬೆಲೆ ಅದರ ಹಿಂದೆ ಕುಂಟುತ್ತಾ ಬರುತ್ತದೆ. ಬಿಯರ್ ಕಾರ್ಖಾನೆಯ ಒದ್ದೆ ಹೊಟ್ಟು, ಸಕ್ಕರೆ ಕಾರ್ಖಾನೆಯ ಕಾಕಂಬಿ, ಎಣ್ಣೆ ಗಾಣದ ಹಿಂಡಿ, ಅಕ್ಕಿ ಗಿರಣಿಯ ತೌಡು ಇವೆಲ್ಲ ಇಲ್ಲದಿದ್ದರೆ ಎರಡು ಹಸು ಸಾಕುವವನು ಎಂದೋ ಕೊಟ್ಟಿಗೆ ಮುಚ್ಚುತ್ತಿದ್ದ. ಇವೆಲ್ಲವೂ ಯಾವುದೋ ಕಾರ್ಖಾನೆಗೆ ಬೇಡವಾದ ವಸ್ತುಗಳೇ ಅಲ್ಲವೇ?

ನಮ್ಮ ಅಜ್ಜಿ ದಿನವೂ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಮುದ್ದೆ ಎಲ್ಲವನ್ನೂ ಸೇರಿಸಿ ಕಲಗಚ್ಚು ಇಡುತ್ತಿದ್ದರು. ಒಂದು ಹಸುವೂ ಸಾಯಲಿಲ್ಲ. ಎಲ್ಲವನ್ನೂ ಪ್ರಯೋಗಾಲಯಕ್ಕೆ ಕಳಿಸಿ ಹಸು ಸಾಕುವುದಕ್ಕೆ ಆಗುತ್ತದೆಯೇ?

ಪಶುವೈದ್ಯೆ, ಹಾಸನ

ಅಣ್ಣಾ, ನಿಮ್ಮ ಅಜ್ಜಿಯ ಕಲಗಚ್ಚಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಇಡೀ ಉತ್ತರ ಅದರಲ್ಲೇ ಇದೆ. ಆ ಬಾನಿಯಲ್ಲಿ ಏನೇನು ಬಿದ್ದಿದೆ ಎಂಬುದು ಅಜ್ಜಿಗೆ ಗೊತ್ತಿತ್ತು. ಬೆಳಗಿನದು ಸಂಜೆಗೆ ಖಾಲಿಯಾಗುತ್ತಿತ್ತು. ಬೂಷ್ಟು ಬಂದರೆ ಕಣ್ಣಿಗೆ ಬೀಳುತ್ತಿತ್ತು. ಹಸುವಿಗೆ ಏನಾದರೂ ಆದರೆ ಕಾರಣ ಮನೆಯೊಳಗೇ ಸಿಗುತ್ತಿತ್ತು. ಈಗ ಅದೇ ವಸ್ತು ಟಾರ್ಪಾಲಿನ ಕೆಳಗೆ ಬಿಸಿಯಾಗುತ್ತಾ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ಗೋದಾಮಿನಲ್ಲಿ ವಾರಗಟ್ಟಲೆ ಕೂರುತ್ತದೆ, ಪುಡಿಯಾಗಿ ಹತ್ತು ಬಗೆಯ ಪುಡಿಗಳ ಜೊತೆ ಬೆರೆಯುತ್ತದೆ. ಚೀಲ ನಿಮ್ಮ ಕೊಟ್ಟಿಗೆಗೆ ಬರುವಾಗ ಒಳಗಿನದು ಎಲ್ಲಿಯದು, ಎಂದಿನದು ಎಂದು ಹೇಳುವವರು ಯಾರೂ ಇರುವುದಿಲ್ಲ.

ಈಗ ಕಾಫಿ ಸಿಪ್ಪೆ. ಹಸುವಿಗೆ ಅದು ವಿಷವಲ್ಲ, ಆದರೆ ಮೇವೂ ಅಲ್ಲ ಎನ್ನುವಷ್ಟು ಎಚ್ಚರ ಬೇಕು. ಅದರಲ್ಲಿ ಕೆಫೀನ್ ಇದೆ, ಟ್ಯಾನಿನ್ ಇದೆ. ಟ್ಯಾನಿನ್ ಮೇವಿನ ಪ್ರೋಟೀನನ್ನು ಹಿಡಿದುಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಕೆಫೀನ್‌ನಿಂದ ಹಸು ಹೆಚ್ಚು ಮೂತ್ರ ಮಾಡುತ್ತದೆ, ಸಾರಜನಕ ಅದರ ಜೊತೆ ಹೊರಹೋಗುತ್ತದೆ, ಮೇವು ತಿನ್ನುವುದೂ ಕಡಿಮೆಯಾಗುತ್ತದೆ. ಗ್ವಾಟೆಮಾಲಾದಲ್ಲಿ 1970ರ ದಶಕದಲ್ಲೇ ಇದನ್ನು ದನಗಳ ಮೇಲೆ ಪರೀಕ್ಷಿಸಿದ್ದಾರೆ. ಒಣ ಮೇವಿನ ಲೆಕ್ಕದಲ್ಲಿ ಸಿಪ್ಪೆಯ ಪಾಲು ಸುಮಾರು ಶೇಕಡಾ 20 ದಾಟಿದರೆ ತೂಕ ಕುಗ್ಗುವುದು ಕಂಡುಬಂದಿದೆ. ಅದೂ ಚೆನ್ನಾಗಿ ಒಣಗಿಸಿದ, ಇಲ್ಲವೇ ಕಾಕಂಬಿ ಸೇರಿಸಿ, ಗಾಳಿಯಾಡದಂತೆ ಒತ್ತಿ ಹುದುಗಿಸಿ ರಸಮೇವು ಮಾಡಿದ ಸಿಪ್ಪೆಯ ಮಾತು. ಹಾಲು ಕರೆಯುವ, ಗಬ್ಬದ ಹಸುಗಳಿಗೆ ಕೊಡಿ ಎಂದು ನಾನು ಎಂದೂ ಹೇಳುವುದಿಲ್ಲ.

ಕೆಫೀನ್‌ಗಿಂತ ನನಗೆ ಭಯ ಬೇರೆ ಎರಡರದ್ದು. ಒಂದು ಬೂಷ್ಟು. ಹಸಿ ಸಿಪ್ಪೆಯಲ್ಲಿ ಸಕ್ಕರೆಯೂ ನೀರೂ ತುಂಬಿರುತ್ತವೆ. ರಾಶಿ ಹಾಕಿದ ಮರುದಿನ ಕೈ ಹಾಕಿ ನೋಡಿ, ಒಳಗೆ ಬಿಸಿ ಇರುತ್ತದೆ. ಎರಡನೆಯದು ಸಿಂಪಡಣೆ. ತೋಟದಲ್ಲಿ ತಾಮ್ರವಿರುವ ಬೋರ್ಡೋ ದ್ರಾವಣ ಹೊಡೆಯುತ್ತೀರಿ, ಕಾಯಿಕೊರಕಕ್ಕೆ ಕೀಟನಾಶಕ ಹೊಡೆಯುತ್ತೀರಿ. ಅದು ನೇರವಾಗಿ ಬೀಳುವುದು ಹಣ್ಣಿನ ಸಿಪ್ಪೆಯ ಮೇಲೆ. ಬೀಜಕ್ಕೆ ಸಿಪ್ಪೆಯೇ ರಕ್ಷಣೆ. ಸಿಪ್ಪೆಗೆ ಯಾವ ರಕ್ಷಣೆಯೂ ಇಲ್ಲ.

ಇನ್ನೊಂದು ವಿಷಯ, ಇದನ್ನು ಎಲ್ಲರೂ ಓದಲಿ. ಮದುವೆ ಹಂಗಾಮಿನಲ್ಲಿ ನಮಗೆ ಬರುವ ತುರ್ತು ಕರೆಗಳಲ್ಲಿ ಕಲ್ಯಾಣ ಮಂಟಪದ ಅನ್ನ ತಿಂದ ಹಸುಗಳದ್ದು ದೊಡ್ಡ ಪಾಲು. ‘ಅನ್ನ ಹಾಳಾಗಬಾರದು, ಗೋವಿಗೆ ಹಾಕಿದರೆ ಪುಣ್ಯ’ ಎಂದು ಬಕೆಟ್‌ಗಟ್ಟಲೆ ಅನ್ನ, ಪಾಯಸ, ಲಾಡು ಸುರಿಯುತ್ತಾರೆ. ಹಸುವಿನ ಮೊದಲ ಹೊಟ್ಟೆ ಹುಲ್ಲಿಗಾಗಿ ಆದದ್ದು. ಒಮ್ಮೆಲೇ ಅಷ್ಟು ಪಿಷ್ಟ ಬಿದ್ದರೆ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಹಸು ಮೆಲುಕು ನಿಲ್ಲಿಸುತ್ತದೆ, ಕಣ್ಣು ಗುಳಿ ಬೀಳುತ್ತದೆ, ಸಗಣಿ ನೀರಾಗಿ ಹುಳಿ ವಾಸನೆ ಬರುತ್ತದೆ, ಆಮೇಲೆ ಮಲಗಿದ್ದು ಏಳುವುದಿಲ್ಲ. ತಡವಾದರೆ ಒಂದೆರಡು ದಿನದಲ್ಲಿ ಸಾವು. ನಾವು ಅಡುಗೆ ಸೋಡಾ ಕುಡಿಸಿ, ರಕ್ತನಾಳಕ್ಕೆ ದ್ರವ ಕೊಟ್ಟು ಕೆಲವನ್ನು ಉಳಿಸುತ್ತೇವೆ, ಎಲ್ಲವನ್ನೂ ಅಲ್ಲ. ಮನುಷ್ಯರು ಆಗಷ್ಟೇ ಉಂಡ ಶುದ್ಧ ಅನ್ನವೇ ಇಷ್ಟು ಮಾಡುತ್ತದೆ ಎಂದರೆ, ವಸ್ತು ಒಳ್ಳೆಯದಾಗಿದ್ದರಷ್ಟೇ ಸಾಲದು ಎಂದು ತಿಳಿಯಬೇಕು. ಎಷ್ಟು ಮತ್ತು ಹೇಗೆ ಎಂಬುದೂ ಅಷ್ಟೇ ಮುಖ್ಯ.

ಅರಸೀಕೆರೆಯ ತೆಂಗು ಬೆಳೆಗಾರ

ಡಾಕ್ಟರೇ, ನೀವು ಬೂಷ್ಟಿನ ಮಾತು ತೆಗೆದಿರಿ, ನಮ್ಮ ಕಡೆಯ ಒಂದು ವಿಷಯ ಹೇಳಿಯೇ ಬಿಡುತ್ತೇನೆ.

ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟದ ಮೇಲೆ ಎಂಟು–ಹತ್ತು ತಿಂಗಳು, ಕೆಲವೊಮ್ಮೆ ವರ್ಷ ಇಡುತ್ತೇವೆ. ಒಳಗಿನ ನೀರು ಇಂಗಿ ಗಿಟುಕು ಚಿಪ್ಪಿನಿಂದ ಬಿಡಿಸಿಕೊಂಡು ಅಲುಗಾಡಿಸಿದರೆ ಸದ್ದು ಮಾಡಬೇಕು. ಸುಲಿದು ಒಡೆದ ದಿನ ಅಂಗಳದಲ್ಲಿ ರಾಶಿಗಳಾಗುತ್ತವೆ. ದುಂಡಗಿನ, ಬಿರುಕಿಲ್ಲದ ಗಿಟುಕು ಒಂದು ಕಡೆ, ಅದು ಮಾರುಕಟ್ಟೆಗೆ. ಒಡೆದದ್ದು, ಸಣ್ಣದು ಇನ್ನೊಂದು ಕಡೆ. ಕೊನೆಯ ರಾಶಿ ಕೌಟು. ಹಿಡಿದರೆ ಮೆತ್ತಗೆ, ಮುರಿದರೆ ಒಳಗೆ ಹಳದಿಯೋ ಹಸಿರು ಮಿಶ್ರಿತ ಕಪ್ಪೋ, ಬೆರಳಿಗೆ ಪುಡಿ ಹತ್ತುತ್ತದೆ, ಮೂಗಿಗೆ ಘಾಟು. ಮನೆಯವರು ಯಾರೂ ಅದನ್ನು ಅಡುಗೆಗೆ ಮುಟ್ಟುವುದಿಲ್ಲ. ಆದರೆ ಅದನ್ನು ಎಸೆಯುವವರೂ ಇಲ್ಲ. ಅದಕ್ಕೂ ಗಿರಾಕಿ ಇದ್ದಾನೆ, ಅವನು ಗಾಣಕ್ಕೆ ಒಯ್ಯುತ್ತಾನೆ. ಎಣ್ಣೆ ಸಾಬೂನಿಗೋ ಇನ್ನಾವುದಕ್ಕೋ ಹೋಗುತ್ತದೆ. ಹಿಂಡಿ ಎಲ್ಲಿಗೆ ಹೋಗುತ್ತದೆ? ದನದ ಬಾಯಿಗೆ.

ನಾವು ತಿನ್ನದ ಕೊಬ್ಬರಿಯನ್ನು ಹಸುವಿಗೆ ತಿನ್ನಿಸಿ ಅದರ ಹಾಲನ್ನು ಮಗುವಿಗೆ ಕುಡಿಸುತ್ತೇವೆ. ಅರಸೀಕೆರೆಯಿಂದ ಚನ್ನರಾಯಪಟ್ಟಣದವರೆಗೆ ಪ್ರತಿ ಮನೆಯ ಅಂಗಳದಲ್ಲೂ ಈ ರಾಶಿ ಬೀಳುತ್ತದೆ. ಇದರ ಬಗ್ಗೆ ಮಾತನಾಡಿದರೆ ‘ನಿನಗೊಬ್ಬನಿಗೆ ಏನು’ ಎನ್ನುತ್ತಾರೆ.

ಪಶುವೈದ್ಯೆ, ಹಾಸನ

ನೀವು ಬರೆದದ್ದು ಈ ಚರ್ಚೆಯ ಮುಖ್ಯ ಮಾತು, ಸರ್. ಆ ಹಸಿರು–ಹಳದಿ ಬೂಷ್ಟು ಬಹುಪಾಲು ಆಸ್ಪರ್ಜಿಲಸ್ ಜಾತಿಯದು, ಅದು ಅಫ್ಲಾಟಾಕ್ಸಿನ್ ಎಂಬ ವಿಷ ತಯಾರಿಸುತ್ತದೆ. ಗಾಣದಲ್ಲಿ ಹಿಂಡಿದಾಗ ಆ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಒದ್ದೆಯಾದ ಮೆಕ್ಕೆಜೋಳಕ್ಕೂ ಇದೇ ಮಾತು.

ಹಸು ಅದನ್ನು ತಿಂದರೆ ಬಿ1 ಎಂಬ ಆ ವಿಷದ ಒಂದು ಪಾಲು ಎಂ1 ಆಗಿ ಬದಲಾಗಿ ಹಾಲಿಗೆ ಬರುತ್ತದೆ. ತಿಂದು ಒಂದು ದಿನ ಕಳೆಯುವುದರೊಳಗೆ ಹಾಲಿನಲ್ಲಿ ಸಿಗುತ್ತದೆ. ಕಾಯಿಸಿದರೆ ಹೋಗುವುದಿಲ್ಲ, ಪಾಶ್ಚೀಕರಿಸಿದರೂ ಹೋಗುವುದಿಲ್ಲ, ಮೊಸರು ಮಾಡಿದರೂ ಉಳಿಯುತ್ತದೆ. ನಮ್ಮ ದೇಶದಲ್ಲಿ ಹಾಲಿಗೆ ಎಂ1ನ ಮಿತಿ ಕೆ.ಜಿ.ಗೆ 0.5 ಮೈಕ್ರೋಗ್ರಾಂ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ ಶೇಕಡಾ 5.7ರಷ್ಟರಲ್ಲಿ ಅದು ಮಿತಿ ಮೀರಿತ್ತು. ಹಾಲಿಗೆ ನೀರು ಬೆರೆಸುವ ಬಗ್ಗೆ ನಾವು ಆಡುವ ಮಾತಿನ ಹತ್ತನೇ ಒಂದು ಪಾಲನ್ನೂ ಇದರ ಬಗ್ಗೆ ಆಡುವುದಿಲ್ಲ.

ಒಂದು ಸಮಾಧಾನವಿದೆ. ಕೆಟ್ಟ ಹಿಂಡಿ ನಿಲ್ಲಿಸಿದರೆ ಮೂರ‍್ನಾಲ್ಕು ದಿನದಲ್ಲಿ ಹಾಲು ತಿಳಿಯಾಗುತ್ತದೆ. ಅಂದರೆ ಇದು ಕೈ ಮೀರಿದ ಸಮಸ್ಯೆ ಅಲ್ಲ.

ಚನ್ನರಾಯಪಟ್ಟಣದ ಹೈನುಗಾರ

ಮೇಡಂ, ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಈಗ ನೇರವಾಗಿ ಕೇಳುತ್ತೇನೆ. ನಾನು ಅಂಗಡಿಯಲ್ಲಿ ಚೀಲ ಕೊಳ್ಳುವಾಗ ಏನು ನೋಡಬೇಕು? ಟಾಕ್ಸಿನ್ ಬೈಂಡರ್ ಎಂದು ಒಂದು ಪುಡಿ ಮಾರುತ್ತಾರೆ, ಅದನ್ನು ಬೆರೆಸಿದರೆ ಸಾಕೇ? ಸ್ವಲ್ಪ ಬೂಷ್ಟು ಬಂದ ಹಿಂಡಿಗೆ ಒಳ್ಳೆಯ ಹಿಂಡಿ ಬೆರೆಸಿದರೆ ವಿಷ ಕಡಿಮೆಯಾಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ, ಅದು ನಿಜವೇ?

ಆಹಾರ ತಂತ್ರಜ್ಞ (ಊರು ಬೇಲೂರು, ಕೆಲಸ ಮೈಸೂರಿನಲ್ಲಿ)

ಬೆರೆಸುವ ಮಾತಿಗೆ ನಾನು ಉತ್ತರಿಸುತ್ತೇನೆ. ಐರೋಪ್ಯ ಒಕ್ಕೂಟದಲ್ಲಿ ಮಿತಿ ಮೀರಿದ ಮೇವನ್ನು ಒಳ್ಳೆಯದರೊಂದಿಗೆ ಬೆರೆಸಿ ಮಿತಿಯೊಳಗೆ ತರುವುದೇ ಕಾನೂನುಬಾಹಿರ. ಕಾರಣ ಸರಳ. ವಿಷ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ, ಅಲ್ಲಲ್ಲಿ ಗಂಟುಕಟ್ಟಿರುತ್ತದೆ. ಬೆರೆಸಿದರೆ ಒಳ್ಳೆಯ ಚೀಲಗಳೂ ಕೆಡುತ್ತವೆ, ಯಾವುದೋ ಒಂದು ಹಸುವಿಗೆ ಆ ಗಂಟೇ ಸಿಗುತ್ತದೆ. ಬೈಂಡರ್ ಒಂದು ಬಗೆಯ ಜೇಡಿ ಪುಡಿ; ಕರುಳಿನಲ್ಲಿ ವಿಷದ ಒಂದು ಪಾಲನ್ನು ಹಿಡಿದುಕೊಳ್ಳುತ್ತದೆ. ಒಳ್ಳೆಯ ಮೇವಿನ ಜೊತೆ ಹೆಚ್ಚಿನ ಭದ್ರತೆಗೆ ಸರಿ, ಕೆಟ್ಟ ಮೇವಿಗೆ ಪರವಾನಗಿಯಂತೆ ಬಳಸುವಂತಿಲ್ಲ. ಚೀಲ ಕೊಳ್ಳುವಾಗ ಐಎಸ್‌ಐ ಗುರುತು, ತಯಾರಿಸಿದ ದಿನಾಂಕ ನೋಡಿ. ಗಟ್ಟಿಗಟ್ಟಿದ, ಮುಗ್ಗಲು ವಾಸನೆಯ ಚೀಲವನ್ನು ಅಲ್ಲೇ ಹಿಂದಿರುಗಿಸಿ. ಭಾರತೀಯ ಮಾನಕದ ಪ್ರಕಾರ ಸಂಯುಕ್ತ ಪಶು ಆಹಾರದಲ್ಲಿ ಬಿ1 ಕೆ.ಜಿ.ಗೆ 20 ಮೈಕ್ರೋಗ್ರಾಂ ಮೀರಬಾರದು.

ಇನ್ನು ಮೂಲ ಪ್ರಶ್ನೆ. ಉಪ ಉತ್ಪನ್ನಗಳನ್ನು ವರ್ಷಗಳಿಂದ ನೋಡುತ್ತಾ ನನಗೆ ಗಟ್ಟಿಯಾದ ಅಭಿಪ್ರಾಯ ಇದು: ಯಂತ್ರದಿಂದ ಬಿದ್ದ ಕ್ಷಣದಿಂದ ಅದನ್ನು ಸರಕಿನಂತೆ ನೋಡಿಕೊಂಡರೆ ಅದು ಸರಕು, ಕಸದಂತೆ ನೋಡಿಕೊಂಡರೆ ಕಸ. ಮೊದಲ ಕೆಲವು ಗಂಟೆಗಳಲ್ಲೇ ಅದರ ಹಣೆಬರಹ ನಿರ್ಧಾರವಾಗುತ್ತದೆ. ತೌಡನ್ನೇ ನೋಡಿ. ಅಕ್ಕಿಯಿಂದ ಬೇರೆಯಾದ ಕೂಡಲೇ ಅದರಲ್ಲಿನ ಲೈಪೇಸ್ ಕಿಣ್ವ ಎಣ್ಣೆಯನ್ನು ಒಡೆಯಲು ತೊಡಗುತ್ತದೆ. ಗಿರಣಿಯಲ್ಲೇ ಬಿಸಿ ಮಾಡಿ ಕಿಣ್ವವನ್ನು ಅಡಗಿಸಿದರೆ ಅದೇ ತೌಡು ಅಡುಗೆ ಎಣ್ಣೆಯಾಗುತ್ತದೆ, ಹಾಗೇ ಬಿಟ್ಟರೆ ಕೌಟು. ಬಿಯರ್ ಕಾರ್ಖಾನೆಯ ಹೊಟ್ಟಿನಲ್ಲಿ ಮುಕ್ಕಾಲು ಪಾಲು ನೀರೇ, ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಕೆಡುತ್ತದೆ. ದೂರ ಸಾಗಿಸುವ ಯೋಚನೆ ಇದ್ದರೆ ಒಣಗಿಸಬೇಕು, ಇಲ್ಲವೇ ಗಾಳಿ ಹೋಗದಂತೆ ಒತ್ತಿ ರಸಮೇವು ಮಾಡಬೇಕು.

ಕಾಫಿ ಸಿಪ್ಪೆಗೆ ಹಸುವಿನ ಬಾಯಿಗಿಂತ ಒಳ್ಳೆಯ ದಾರಿಗಳಿವೆ ಎಂದು ನನ್ನ ನಂಬಿಕೆ. ಒಂದು ಕ್ಯಾಸ್ಕರಾ, ಒಣಸಿಪ್ಪೆಯ ಕಷಾಯ. ಯೆಮನ್‌ನಲ್ಲಿ ಇದನ್ನು ಕಿಶರ್ ಎಂದು ತಲೆತಲಾಂತರದಿಂದ ಕುಡಿಯುತ್ತಾರೆ. ಬಾಬಾ ಬುಡನ್ ಅವರು ಬೀಜ ತಂದರೆಂಬ ಪ್ರತೀತಿ ಇರುವುದು ಅದೇ ಯೆಮನ್‌ನಿಂದ. ಬೀಜ ನಮ್ಮ ಗಿರಿಗೆ ಬಂತು, ಸಿಪ್ಪೆಯ ಕಷಾಯ ಬರಲಿಲ್ಲ. ಐರೋಪ್ಯ ಒಕ್ಕೂಟ 2022ರಲ್ಲಿ ಒಣ ಕಾಫಿ ಸಿಪ್ಪೆಗೆ ಸಾಂಪ್ರದಾಯಿಕ ಆಹಾರವೆಂದು ಅನುಮತಿ ಕೊಟ್ಟಿತು. ಆದರೆ ಅದನ್ನು ಸರಿಯಾಗಿ ಮಾಡುವ ಕ್ರಮ ಕಠಿಣ. ಹಣ್ಣೇ ಹಣ್ಣು ಕೊಯ್ಯಬೇಕು, ಅದೇ ದಿನ ಪಲ್ಪ್ ಮಾಡಬೇಕು, ಸಿಪ್ಪೆಯನ್ನು ಕಣದ ನೆಲದ ಮೇಲೆ ಹರಡದೆ ಜಾಲರಿಯ ಮಂಚದ ಮೇಲೆ ತೆಳುವಾಗಿ ಹರಡಬೇಕು, ತೇವ ಶೇಕಡಾ 12ಕ್ಕಿಂತ ಕೆಳಗೆ ಬರುವವರೆಗೆ ತಿರುವುತ್ತಲೇ ಇರಬೇಕು. ಇಲ್ಲದಿದ್ದರೆ ಮೂತ್ರಪಿಂಡಕ್ಕೆ ಹಾನಿ ಮಾಡುವ ಓಕ್ರಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಬರುತ್ತದೆ, ಅದು ಕಾಫಿಯಲ್ಲಿ ಹೆಚ್ಚಾಗಿ ಸೇರುವುದು ಸಿಪ್ಪೆ ಮತ್ತು ಹೊಟ್ಟಿನಲ್ಲೇ. ಹುರಿದ ಕಾಫಿಯಲ್ಲಿ ಅದಕ್ಕೆ ಐರೋಪ್ಯ ಒಕ್ಕೂಟದ ಮಿತಿ ಕೆ.ಜಿ.ಗೆ 3 ಮೈಕ್ರೋಗ್ರಾಂ. ಕೊಯ್ಲಿಗೆ ಮುನ್ನ ಕೀಟನಾಶಕ ಹೊಡೆದ ತೋಟದವರು ಈ ಆಸೆಯನ್ನೇ ಬಿಡಬೇಕು.

ಎಲ್ಲರಿಗೂ ಎಟುಕುವ ದಾರಿ ಗೊಬ್ಬರ. ಸಿಪ್ಪೆಯಲ್ಲಿ ಪೊಟ್ಯಾಷ್ ಚೆನ್ನಾಗಿದೆ. ಸಗಣಿ, ಒಣ ಎಲೆ, ಸ್ವಲ್ಪ ಸುಣ್ಣದೊಂದಿಗೆ ಪದರ ಪದರವಾಗಿ ಹಾಕಿ, ಮೇಲೆ ಸೂರು ಮಾಡಿ, ತಿರುವಿ ಹಾಕಿದರೆ ಮಳೆಗಾಲದ ಹೊತ್ತಿಗೆ ಗಿಡದ ಬುಡ ಸೇರುತ್ತದೆ. ನಿಮ್ಮ ನೆಲದ ಪೊಟ್ಯಾಷನ್ನು ಲಾರಿ ಹತ್ತಿಸಿ ಕಳಿಸಿ, ಮತ್ತೆ ಚೀಲದಲ್ಲಿ ಕೊಂಡು ತರುವುದು ಯಾವ ಲೆಕ್ಕ?

ಹಾಸನದಿಂದ, ಪನೀರ್ ಘಟಕ ನಡೆಸುವವಳು

ಸರ್, ನಮ್ಮದು ಸ್ವಸಹಾಯ ಸಂಘದ ಸಣ್ಣ ಘಟಕ. ಹಾಲು ಒಡೆದ ಮೇಲೆ ಉಳಿಯುವ ನೀರೇ ನಮಗೆ ತಲೆನೋವು. ಚರಂಡಿಗೆ ಬಿಟ್ಟರೆ ಅಕ್ಕಪಕ್ಕದವರು ವಾಸನೆ ಎನ್ನುತ್ತಾರೆ, ಅವರ ಮಾತೂ ನ್ಯಾಯವೇ. ಮನೆಯಲ್ಲಾದರೆ ಚಪಾತಿ ಹಿಟ್ಟಿಗೆ, ಸಾರಿಗೆ ಹಾಕಿಬಿಡುತ್ತೇವೆ. ದಿನಕ್ಕೆ ಡ್ರಮ್‌ಗಟ್ಟಲೆ ಬಂದರೆ ಏನು ಮಾಡುವುದು?

ಆಹಾರ ತಂತ್ರಜ್ಞ

ಅಕ್ಕಾ, ಹಾಲಿನ ಬಹುಪಾಲು ಆ ನೀರಿನಲ್ಲೇ ಹೋಗುತ್ತದೆ. ಹಾಲಿನ ಸಕ್ಕರೆ ಬಹುತೇಕ ಎಲ್ಲವೂ ಅದರಲ್ಲಿದೆ. ಅದಕ್ಕೇ ಚರಂಡಿಗೆ ಅದು ಅಷ್ಟು ಭಾರ. ಅದರ ಬಿಒಡಿ, ಅಂದರೆ ಕೊಳೆಯಲು ಅದು ನುಂಗುವ ಆಮ್ಲಜನಕ, ಲೀಟರಿಗೆ 30,000ದಿಂದ 50,000 ಮಿಲಿಗ್ರಾಂ. ಊರ ಕೊಳಚೆ ನೀರಿನದು ಕೆಲವು ನೂರು. ನಿಮ್ಮ ಒಂದು ಲೀಟರ್ ನೀರು ನೂರು ಲೀಟರ್ ಕೊಳಚೆಗೆ ಸಮ ಎಂದರೂ ತಪ್ಪಾಗದು.

ಜನ ಕುಡಿಯುವ ಪಾನೀಯ ಮಾಡುವುದಾದರೆ ಪನೀರ್ ತೆಗೆದ ಕೂಡಲೇ ಶುದ್ಧ ಸ್ಟೀಲ್ ಪಾತ್ರೆಗೆ ಸೋಸಿ, ಪಾಶ್ಚೀಕರಿಸಿ, 4 ಡಿಗ್ರಿಗೆ ತಣಿಸಬೇಕು. ಜೀರಿಗೆ, ಶುಂಠಿ, ಉಪ್ಪು ಹಾಕಿದರೆ ಮಜ್ಜಿಗೆ ಕುಡಿಯುವ ನಾಲಿಗೆಗೆ ಹಿಡಿಸುತ್ತದೆ. ನಿಮ್ಮ ಪರವಾನಗಿಯಲ್ಲಿ ಆ ಉತ್ಪನ್ನವನ್ನು ಸೇರಿಸಿಕೊಳ್ಳಿ. ನೆಲ ತೊಳೆದ ನೀರು, ಸೋಡಾಪುಡಿ ಹಾಕಿ ಪಾತ್ರೆ ತೊಳೆದ ನೀರು ಇದರೊಂದಿಗೆ ಒಂದೇ ಕೊಳವೆಯಲ್ಲಿ ಸೇರಬಾರದು. ಮೊದಲು ಮಾಡಬೇಕಾದ ಖರ್ಚು ಆ ಬೇರೆ ಕೊಳವೆ. ದನಕ್ಕೆ ಕೊಡುವುದಾದರೆ ಅದೇ ದಿನ, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ. ಉಳಿದದ್ದು ಗೋಬರ್ ಗ್ಯಾಸ್ ಗುಂಡಿಗೆ, ಅದೂ ಹದವಾಗಿ. ಒಮ್ಮೆಲೇ ಸುರಿದರೆ ಗುಂಡಿ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ.

ಆಲೂಗಡ್ಡೆ ಬೆಳೆಗಾರ, ಹಾಸನ ತಾಲ್ಲೂಕು

ಆಲೂಗಡ್ಡೆಯವರ ಪರವಾಗಿ ಎರಡು ಮಾತು. ಮುಂಗಾರಿಗೆ ಜಲಂಧರದ ಬಿತ್ತನೆ ಗಡ್ಡೆ ಬರುತ್ತದೆ, ಅದನ್ನು ಕತ್ತರಿಸಿ ಶಿಲೀಂಧ್ರನಾಶಕದಲ್ಲಿ ಅದ್ದಿ ಬಿತ್ತುತ್ತೇವೆ. ಬಿತ್ತಿ ಉಳಿದ ಹೋಳುಗಳನ್ನು ದನದ ಮುಂದೆ ಸುರಿಯುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಅದು ಔಷಧಿ ಮೆತ್ತಿದ ಗಡ್ಡೆ, ಮಣ್ಣಿನಲ್ಲಿ ಆಳವಾಗಿ ಹೂಳಿ. ಚಿಪ್ಸ್ ಮಾಡುವವರಿಂದ ಸಿಪ್ಪೆ ತರುವವರು ಹಸಿರು ತಿರುಗಿದ್ದನ್ನೂ ಮೊಳಕೆ ಒಡೆದದ್ದನ್ನೂ ಆರಿಸಿ ತೆಗೆಯಬೇಕು, ಅದರಲ್ಲಿ ಸೊಲನೈನ್ ಎಂಬ ವಿಷ ಇರುತ್ತದೆ. ಒಳ್ಳೆಯ ಗಡ್ಡೆಯನ್ನೂ ಇಡಿಯಾಗಿ ಹಾಕಬೇಡಿ, ಹಸುವಿನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಬೇಲೂರಿನ ಹೋಟೆಲಿನವರು

ಕರಿದ ಎಣ್ಣೆಯ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಒಡೆದು ಹುಟ್ಟುವ ಒಟ್ಟು ಧ್ರುವೀಯ ಸಂಯುಕ್ತಗಳು ಶೇಕಡಾ 25 ದಾಟಿದ ಎಣ್ಣೆಯನ್ನು ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಇದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಲೆಕ್ಕದ ಪುಸ್ತಕ ಇಡಬೇಕು. ಹಳೆಯ ಎಣ್ಣೆ ಜೈವಿಕ ಡೀಸೆಲ್ ಮಾಡುವವರಿಗೆ ಹೋಗಬೇಕು. ಆದರೆ ರಾತ್ರಿ ಹೊತ್ತು ಹಿಂಬಾಗಿಲಿಗೆ ಬಂದು ಕ್ಯಾನು ತುಂಬಿಸಿಕೊಂಡು ಹೆಚ್ಚು ದುಡ್ಡು ಕೊಡುವವರೂ ಇದ್ದಾರೆ. ಆ ಎಣ್ಣೆ ಮತ್ತೆ ಯಾವುದೋ ಬಾಣಲೆಗೆ ಬೀಳುತ್ತದೆ. ನಾವು ನೋಂದಾಯಿತ ಸಂಗ್ರಹಕಾರರಿಗೆ ಮಾತ್ರ ಕೊಟ್ಟು ರಸೀದಿ ಇಟ್ಟುಕೊಳ್ಳುತ್ತೇವೆ. ಸಿಗುವುದು ಕಡಿಮೆ, ಆದರೂ ಹಾಗೆಯೇ ಮಾಡುತ್ತೇವೆ. ನಮ್ಮ ಊರಿಗೆ ದೇವಸ್ಥಾನ ನೋಡಲು ಬಂದವರು ನಮ್ಮ ಬಜ್ಜಿ ತಿಂದು ಹೋಗುತ್ತಾರೆ, ಅವರ ಆರೋಗ್ಯ ನಮ್ಮ ಹೊಣೆ.

ಕೊಪ್ಪದ ಅಡಿಕೆ ಬೆಳೆಗಾರ

ಅಡಿಕೆ ಹಾಳೆಯನ್ನೂ ಸೇರಿಸಿ. ಹಾಳೆ ತಟ್ಟೆಯನ್ನು ನಾವು ಹೆಮ್ಮೆಯಿಂದ ತೋರಿಸುತ್ತಿದ್ದೆವು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದರ ಆಮದಿಗೆ ತಡೆ ಒಡ್ಡಿತು. ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಎಂಬುದು ಅವರ ಆತಂಕ. ಅದು ಸರಿಯೋ ತಪ್ಪೋ ಎಂಬ ವಾದ ಬೇರೆ. ಯಾರಾದರೂ ಕೇಳುವ ಮೊದಲೇ ಪರೀಕ್ಷೆ ಮಾಡಿಸಿ ಪತ್ರ ಕೈಯಲ್ಲಿಟ್ಟುಕೊಂಡಿದ್ದರೆ ಉತ್ತರಿಸುವುದು ಸುಲಭವಾಗುತ್ತಿತ್ತು. ಹಾಳೆಯನ್ನು ಕತ್ತರಿಸಿ ದನಕ್ಕೆ ಹಾಕುವವರು ಕೊಳೆ ರೋಗಕ್ಕೆ ಬೋರ್ಡೋ ಹೊಡೆದ ಕಾಲ ನೆನಪಿಡಿ. ಮನೆಯಲ್ಲಿ ಕುರಿ ಇದ್ದರಂತೂ ಹತ್ತಿರ ಬಿಡಬೇಡಿ, ಕುರಿಗೆ ತಾಮ್ರ ಸ್ವಲ್ಪ ಹೆಚ್ಚಾದರೂ ಆಗುವುದಿಲ್ಲ.

ಮೂಡಿಗೆರೆಯ ಸಣ್ಣ ಹಿಡುವಳಿದಾರ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಆದರೆ ನಾಲ್ಕು ಎಕರೆಯವನ ಕಷ್ಟ ಯಾರೂ ಹೇಳಲಿಲ್ಲ. ಜಾಲರಿ ಮಂಚ, ಸೂರು, ತಿರುವಿ ಹಾಕುವ ಆಳು, ಪರೀಕ್ಷೆಯ ಶುಲ್ಕ: ಈ ಹಣ ಎಲ್ಲಿಂದ? ಕೊಯ್ಲಿಗೇ ಆಳು ಸಿಗುವುದಿಲ್ಲ. ನಾನು ಸಿಪ್ಪೆ ಕೊಡುವುದಿಲ್ಲ ಎಂದರೆ ವ್ಯಾಪಾರಿ ಪಕ್ಕದ ತೋಟಕ್ಕೆ ಹೋಗುತ್ತಾನೆ. ಹಾಲಿಗೆ ಬರುವ ವಿಷ ಹಾಗೇ ಬರುತ್ತದೆ, ನನ್ನ ಕೈಗೆ ಬರುವ ದುಡ್ಡು ಮಾತ್ರ ಬರುವುದಿಲ್ಲ. ತಪ್ಪು ತಿಳಿಯಬೇಡಿ, ನನಗೂ ಮಕ್ಕಳಿದ್ದಾರೆ, ಅವರೂ ಹಾಲು ಕುಡಿಯುತ್ತಾರೆ. ಒಬ್ಬೊಬ್ಬರ ಒಳ್ಳೆಯತನದಿಂದ ಇದು ಆಗುವ ಕೆಲಸವಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಸಕಲೇಶಪುರದ ಬೆಳೆಗಾರ

ನಿಮ್ಮ ಮಾತು ನೂರಕ್ಕೆ ನೂರು ಸರಿ. ಒಬ್ಬೊಬ್ಬರೇ ಮಾಡಿದರೆ ಆಗುವುದಿಲ್ಲ, ಆದ್ದರಿಂದ ನಮ್ಮ ಹೋಬಳಿಯ ಬೆಳೆಗಾರರನ್ನು ಕೂರಿಸಿ ಈ ಚರ್ಚೆಯನ್ನು ಓದಿ ಹೇಳಿದೆ. ನಾವು ಬಂದು ನಿಂತ ಜಾಗ ಇದು.

ಹಸಿ ಸಿಪ್ಪೆಯನ್ನು ಪಶು ಆಹಾರಕ್ಕೆಂದು ಲಾರಿಗೆ ತುಂಬುವುದಿಲ್ಲ. ಮುಂಗಡ ಪಡೆದವರು ಹಿಂದಿರುಗಿಸಲು ಒಪ್ಪಿದ್ದಾರೆ, ಇಬ್ಬರು ಮಾತ್ರ ಇನ್ನೂ ಯೋಚಿಸುತ್ತಿದ್ದಾರೆ. ಅವರ ಮೇಲೆ ಒತ್ತಡ ಹಾಕುವುದಿಲ್ಲ, ಅವರಿಗೆ ಸಾಲದ ಕಂತು ಇದೆ. ಸಿಪ್ಪೆಯ ದೊಡ್ಡ ಪಾಲು ಗೊಬ್ಬರಕ್ಕೆ. ಒಂದೇ ಕಡೆ, ಹಳ್ಳದಿಂದ ದೂರ, ಸೂರಿನ ಕೆಳಗೆ ಮಾಡೋಣವೆಂದು ಒಬ್ಬರು ಜಾಗ ಕೊಟ್ಟಿದ್ದಾರೆ. ಸಣ್ಣ ತೋಟದವರು ಸಿಪ್ಪೆ ತಂದು ಹಾಕಿದಷ್ಟಕ್ಕೆ ಲೆಕ್ಕವಿಟ್ಟು ಗೊಬ್ಬರ ಹಂಚುತ್ತೇವೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರ ಸಲಹೆ ಕೇಳುತ್ತೇವೆ. ಕೀಟನಾಶಕ ಬಳಸದ ಎರಡು ತೋಟಗಳಲ್ಲಿ ಮಾತ್ರ ಕ್ಯಾಸ್ಕರಾ ಪ್ರಯತ್ನ.

ಇನ್ನೊಂದು ನಿರ್ಧಾರ ನನಗೆ ಇದಕ್ಕಿಂತ ದೊಡ್ಡದು. ತೋಟದಿಂದ ಹೊರಹೋಗುವ ಪ್ರತಿ ಚೀಲ ಹೊಟ್ಟು, ಸಿಪ್ಪೆ, ಗೊಬ್ಬರದ ಜೊತೆ ಒಂದು ಚೀಟಿ: ಯಾವ ತೋಟ, ಯಾವ ದಿನ ಪಲ್ಪ್ ಆಯಿತು, ಕೊನೆಯ ಸಿಂಪಡಣೆ ಯಾವುದು ಮತ್ತು ಎಂದು, ಯಾವುದಕ್ಕೆ ಬಳಸಬಾರದು. ಕನ್ನಡದಲ್ಲಿ, ಕೈಬರಹದಲ್ಲಾದರೂ ಸರಿ. ಮೂಡಿಗೆರೆಯವರೇ, ಇದಕ್ಕೆ ಹಣ ಬೇಡ, ಒಂದು ಪೆನ್ನು ಸಾಕು. ಚೀಟಿ ಇಲ್ಲದ ಮಾಲು ಕೊಳ್ಳುವುದಿಲ್ಲ ಎಂದು ಹೈನುಗಾರರೂ ಹಟ ಹಿಡಿದರೆ ವ್ಯಾಪಾರಿ ತಾನಾಗಿ ಚೀಟಿ ಕೇಳುತ್ತಾನೆ.

ಚನ್ನರಾಯಪಟ್ಟಣದ ಹೈನುಗಾರ

ನಮ್ಮ ಹಾಲಿನ ಡೇರಿಯ ಮುಂದಿನ ಸಭೆಯಲ್ಲಿ ಈ ಮಾತನ್ನು ಎತ್ತುತ್ತೇನೆ. ಹಿಂಡಿಗೂ ಅನ್ವಯಿಸಬೇಕು, ಕಾಫಿಗೆ ಮಾತ್ರ ಅಲ್ಲ. ಅರಸೀಕೆರೆ ಅಣ್ಣಾ, ಕೌಟು ಕೊಬ್ಬರಿಯನ್ನು ಬೇರೆಯಾಗಿ ಗಾಣ ಆಡಿಸಿ, ಆ ಹಿಂಡಿಯನ್ನು ಹೊಲಕ್ಕೇ ಗೊಬ್ಬರವಾಗಿ ಹಾಕುವ ಗಾಣದವರು ನಿಮ್ಮ ಕಡೆ ಇದ್ದಾರೆಯೇ?

ಅರಸೀಕೆರೆಯ ತೆಂಗು ಬೆಳೆಗಾರ

ಒಬ್ಬರು ಒಪ್ಪಿದ್ದಾರೆ. ದನದ ಹಿಂಡಿಯಷ್ಟು ಬೆಲೆ ಸಿಗುವುದಿಲ್ಲ ಎಂಬುದು ಅವರ ತಕರಾರು. ವ್ಯತ್ಯಾಸವನ್ನು ನಮ್ಮ ಬೆಳೆಗಾರರ ಗುಂಪು ಮೊದಲ ವರ್ಷ ಹೊರುವ ಬಗ್ಗೆ ಮಾತುಕತೆ ನಡೆದಿದೆ. ಪರೀಕ್ಷೆಗೆ ಮಾದರಿ ಕಳಿಸಬೇಕೆಂದಿದ್ದೇವೆ, ಹೇಗೆ ತೆಗೆಯಬೇಕು?

ಆಹಾರ ತಂತ್ರಜ್ಞ

ಒಂದೇ ಚೀಲದ ಬಾಯಿಯಿಂದ ಒಂದು ಹಿಡಿ ತೆಗೆದು ಕಳಿಸಬೇಡಿ. ಮೊದಲೇ ಹೇಳಿದಂತೆ ವಿಷ ಗಂಟುಗಂಟಾಗಿರುತ್ತದೆ, ಆ ಹಿಡಿಯಲ್ಲಿ ಏನೂ ಸಿಗದೆ ಹೋಗಬಹುದು. ಆದಷ್ಟು ಹೆಚ್ಚು ಚೀಲಗಳಿಂದ, ಮೇಲೆ, ನಡುವೆ, ತಳದಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ಎಲ್ಲವನ್ನೂ ಸೇರಿಸಿ ಪುಡಿ ಮಾಡಿ, ಚೆನ್ನಾಗಿ ಕಲಸಿ, ರಾಶಿಯನ್ನು ನಾಲ್ಕು ಭಾಗ ಮಾಡಿ. ಎದುರುಬದುರು ಎರಡು ಭಾಗ ಉಳಿಸಿ ಮತ್ತೆ ಕಲಸಿ, ಒಂದು ಕೆ.ಜಿ. ಆಸುಪಾಸು ಆಗುವವರೆಗೆ ಹೀಗೇ ಮಾಡಿ. ಒಣಗಿದ ಮಾದರಿಯನ್ನು ದಪ್ಪ ಕಾಗದದ ಅಥವಾ ಬಟ್ಟೆಯ ಚೀಲದಲ್ಲಿ ಹಾಕಿ. ತೇವವಿದ್ದರೆ ಪ್ಲಾಸ್ಟಿಕ್ಕಿನಲ್ಲಿ ದಾರಿಯಲ್ಲೇ ಬೂಷ್ಟು ಬೆಳೆಯುತ್ತದೆ. ಅರ್ಧ ಪಾಲನ್ನು ಮೊಹರು ಮಾಡಿ ದಿನಾಂಕ ಬರೆದು ನಿಮ್ಮಲ್ಲೇ ಇಟ್ಟುಕೊಳ್ಳಿ. ಎಲ್ಲಿಗೆ ಕಳಿಸಬೇಕು, ಶುಲ್ಕ ಎಷ್ಟು ಎಂಬುದನ್ನು ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲೋ ಮೊದಲು ವಿಚಾರಿಸಿ. ಕೌಟು ಕೊಬ್ಬರಿಯನ್ನು ಪುಡಿ ಮಾಡುವಾಗ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ, ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಕ್ಕಳನ್ನು ಆ ಹೊತ್ತಿಗೆ ಅಂಗಳದಿಂದ ದೂರ ಕಳಿಸಿ.